ಮಂಗಳವಾರದ ಸಣ್ಣ ಗುಡ್ಡಗಳು

ಹಿಮದ ಮೇಲೆ ಬಿದ್ದು ಮೊಣಕಾಲು ತಿರುಚಿಕೊಂಡಿದ್ದ ನನ್ನ ಅಕ್ಕನನ್ನು ಅಲ್ಲಿಯ ರಕ್ಷಣಾ ದಳದ ಕೆಂಪು ಕೋಟಿನವರು ಜಾರುಬಂಡಿಯಲ್ಲಿ ಮಲಗಿಸಿ ಗುಡ್ಡದ ಬುಡಕ್ಕೆ ತಂದು, "ಇವರ ಮನೆಯವರು ಯಾರಾದರೂ ಇದ್ದೀರಾ?" ಎಂದು ಕೇಳಿದಾಗ ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನಾನಿದ್ದೇನೆ ಎಂದು ಹೇಳಲಿಲ್ಲ. ಸುಮ್ಮನೆ ಇದ್ದಿದ್ದರೆ ಇಂಗ್ಲಿಷ್ ತಿಳಿಯಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾನು ಸುಮ್ಮನೆ ಇರಲಿಲ್ಲ. ಅಲ್ಲ ಎಂದು ತಲೆ ಅಲ್ಲಾಡಿಸಿದೆ, ಬಾಯಿ ಬಿಟ್ಟೂ ಹೇಳಿದೆ. ಅಕ್ಕನಿಗೆ ಅದು ಕೇಳಿಸಿತು.

ನಾವು ಇಬ್ಬರೇ ಅಕ್ಕತಂಗಿಯರು. ಧಾರವಾಡದಿಂದ ಒಂದು ತಾಸಿನ ದಾರಿಯಲ್ಲಿ ನಮ್ಮ ಊರು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವಳು ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುವಾಗ ಅವ್ವ ಹಾಸಿಗೆ ಹಿಡಿದಳು. ಏಳನೇ ಇಯತ್ತೆ ಮುಗಿಸಿ ನಾನು ಒಲೆಯ ಮುಂದೆ ಕುಳಿತೆ. ನಮ್ಮ ಕಡೆ ಪಟ್ಟಣದಲ್ಲಿ ಓದುವ ಮಕ್ಕಳಿಗೆ ಮನೆಯಿಂದ ಬುತ್ತಿ ಬಸ್ಸಿನಲ್ಲಿ ಹೋಗುತ್ತದೆ. ಐದು ವರ್ಷ ನಾನು ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬರುತ್ತಿದ್ದೆ. ಅಕ್ಕ ಡಾಕ್ಟರಳಾಗಿ, ಡಾಕ್ಟರನನ್ನೇ ಮದುವೆಯಾಗಿ ಅಮೆರಿಕಕ್ಕೆ ಬಂದಳು. ನನಗೂ ಮದುವೆಯಾಯಿತು. ಅದು ನಡೆಯಲಿಲ್ಲ. ನಾನೇ ಬಿಟ್ಟು ಬಂದೆ. ಅಕ್ಕ ನನ್ನ ಸಲುವಾಗಿ ಹಾಕಿದ್ದ ವೀಸಾದ ಅರ್ಜಿ ಹತ್ತು ಹನ್ನೆರಡು ವರ್ಷ ಎಲ್ಲಿಯೋ ಬಿದ್ದಿದ್ದು, ಕೊನೆಗೆ ಒಂದು ದಿನ ಎದ್ದು ಬಂತು. ವಾಷಿಂಗ್ಟನ್ ಹತ್ತಿರದ ಫೇರ್‌ಫ್ಯಾಕ್ಸಿನ ಅವಳ ಮನೆಯ ನೆಲಮಾಳಿಗೆಯಲ್ಲಿ ಮೂರು ವರ್ಷ ಇದ್ದೆ. ಆಮೇಲೆ ಏರ್‌ಪೋರ್ಟಿನ ಹತ್ತಿರ, ವಿಮಾನದ ಊಟದ ತಟ್ಟೆ ತುಂಬುವ ಅಡಿಗೆಮನೆಯೊಂದರಲ್ಲಿ ಕೆಲಸ ಸಿಕ್ಕಿತು. ಹರ್ನ್‌ಡನ್‌ನಲ್ಲಿ ಸಣ್ಣ ಅಪಾರ್ಟ್‌ಮೆಂಟ್ ಹಿಡಿದೆ. ಅಷ್ಟರಲ್ಲಿ ಭಾವ ತೀರಿಕೊಂಡಿದ್ದರು. ಎರಡು ಸಾವಿರದ ಇಪ್ಪತ್ತರಲ್ಲಿ ವಿಮಾನಗಳು ನಿಂತವು, ಅಡಿಗೆಮನೆಯೂ ನಿಂತಿತು. ಆಗ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರಲು ಶುರುಮಾಡಿದೆ. ಬಾಗಿಲ ಹೊರಗೆ ಚೀಲ ಇಡುತ್ತಿದ್ದೆ, ಜನ ಬಂದು ಒಯ್ಯುತ್ತಿದ್ದರು. ಸುತ್ತಲಿನ ಕನ್ನಡದವರಿಗೆಲ್ಲ ನಾನು ರೊಟ್ಟಿ ಆಂಟಿ.

ಆ ವರ್ಷದ ಡಿಸೆಂಬರಿನಲ್ಲಿ ಒಂದು ಸೋಮವಾರ ಅಕ್ಕ ಫೋನು ಮಾಡಿದಳು.

"ನಾಳೆ ಏನ್ ಮಾಡ್ತಿ?"

"ಇಪ್ಪತ್ತೈದು ರೊಟ್ಟಿ ಆರ್ಡರ್ ಐತಿ. ಯಾಕ?"

"ಲಗೂನ ಬಡದು ಮುಗಸು. ಹತ್ತಕ್ಕ ಬರ್ತೀನಿ. ದಪ್ಪಂದು ಕೋಟ್ ಹಾಕ್ಕೊಂಡ್ ನಿಂತಿರು."

"ಎಲ್ಲಿಗೆ?"

"ಸ್ಕೀ ಕಲಿಯಾಕ."

"ಯಾರು?"

"ನಾನ!"

"ಅರವತ್ತಕ್ಕ ಅರಳು ಮರಳು ಅಂತಾರ, ನಿನಗ ಬರೋಬ್ಬರಿ ಅರವತ್ತಕ್ಕ ಬಂತು ನೋಡು," ಎಂದೆ. ಅವಳು ನಗಲಿಲ್ಲ.

ಕಾರಿನಲ್ಲಿ ಕಾರಣ ಹೇಳಿದಳು. ಅವಳ ಒಬ್ಬಳೇ ಮಗಳಿಗೆ ಷಾರ್ಲೆಟ್‌ನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ತಂದೆ ತಾಯಿ ಇಬ್ಬರೂ ಡಾಕ್ಟರು, ಹುಡುಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವನು. ಅವರು ಕಳಿಸಿದ ಬಯೋಡೇಟಾದ ಫೋಟೋದಲ್ಲಿ ಮನೆಮಂದಿಯೆಲ್ಲ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ನಡುವೆ ನಿಂತಿದ್ದರಂತೆ. ಅದನ್ನು ನೋಡಿ ಅಕ್ಕ ತನ್ನ ಕಡೆಯ ಬಯೋಡೇಟಾದಲ್ಲಿ ತಾಯಿ ಮಗಳು ಇಬ್ಬರಿಗೂ ಸ್ಕೀ ಎಂದರೆ ಪ್ರಾಣ ಎಂದು ಬರೆದುಬಿಟ್ಟಿದ್ದಳು. ಮಗಳು ಶಾಲೆಯಲ್ಲಿದ್ದಾಗ ಕಲಿತಿದ್ದಳು, ಆ ಮಾತು ಖರೆ. ಅಕ್ಕ ಹಿಮವನ್ನು ಮುಟ್ಟಿದ್ದು ಮನೆಯ ಮುಂದೆ ಸಲಿಕೆ ಹಿಡಿದಾಗ ಮಾತ್ರ.

"ಬರದ್ರ ಬರದಿ. ಎಲ್ಲಾರೂ ಬರೀತಾರ. ಅದಕ್ಕ ಕಲೀಬೇಕೇನು?"

"ಕರೋನಾ ಅಲ್ಲೇನ? ಮನಿಗೆ ಬರಂಗಿಲ್ಲ, ಹೋಟೆಲಿಗೆ ಬರಂಗಿಲ್ಲ, ಗುಡಿ ಬಾಗಲಾ ಹಾಕೈತಿ. ಆ ಹುಡುಗನ ತಾಯಿ ಏನಂದ್ಲು ಗೊತ್ತೇನು? ನಾವೂ ಸ್ಕೀ ಮಂದಿ, ನೀವೂ ಸ್ಕೀ ಮಂದಿ, ನಡುದಾರಿಯೊಳಗ ಒಂದು ಸ್ಕೀ ಜಾಗಾದಾಗ ಭೇಟಿ ಆಗೂಣು, ಓಪನ್ ಏರ್ ಇರತೈತಿ ಅಂದ್ಲು. ನಾ ಏನ್ ಹೇಳಲಿ?"

ಹೆಣ್ಣು ನೋಡುವ ಶಾಸ್ತ್ರ ಹಿಮದ ಗುಡ್ಡದ ಮೇಲೆ. ನಾನು ಎಷ್ಟು ನಕ್ಕೆನೆಂದರೆ ಮಾಸ್ಕಿನೊಳಗೆ ಉಸಿರು ಕಟ್ಟಿತು. ಈ ಸಲ ಅಕ್ಕನೂ ನಕ್ಕಳು.

ದೊಡ್ಡ ಜಾಗಗಳಿಗೆ ಹೋಗಲು ಅವಳು ತಯಾರಿರಲಿಲ್ಲ. ಅಲ್ಲಿಗೆ ವಾಷಿಂಗ್ಟನ್ ಸುತ್ತಲಿನ ನಮ್ಮವರೆಲ್ಲ ಬರುತ್ತಾರೆ. "ಯಾವಾಕೆರೆ ಒಬ್ಬಾಕಿ ನಾ ಬೀಳೋದನ್ನ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ಲಂದ್ರ, ಸಂಜಿ ಒಳಗ ಷಾರ್ಲೆಟ್‌ಗೆ ಮುಟ್ಟತೈತಿ," ಎನ್ನುತ್ತಿದ್ದಳು. ಹಾಗಾಗಿ ಯಾರೂ ಹೆಸರು ಕೇಳದ ಸಣ್ಣ ಗುಡ್ಡಗಳನ್ನು ಹುಡುಕಿ ತೆಗೆದಳು. ಕ್ಲಿನಿಕ್ಕಿಗೆ ಮಂಗಳವಾರ ಅವಳಿಗೆ ರಜೆ. ಆ ಚಳಿಗಾಲದಲ್ಲಿ ಏಳು ಮಂಗಳವಾರ ನಾವು ಹೋದೆವು.

ಮೊದಲನೆಯ ಗುಡ್ಡ ಒಂದೂವರೆ ತಾಸಿನ ದಾರಿ. ಹೊಲಗಳ ನಡುವೆ ರಸ್ತೆ ಸಣ್ಣದಾಗುತ್ತ ಹೋಗಿ, ಇನ್ನೇನು ಯಾರದೋ ಅಂಗಳಕ್ಕೆ ಹೊಕ್ಕೆವು ಎನ್ನುವಷ್ಟರಲ್ಲಿ ಗುಡ್ಡ ಬಂತು. ಕೆಸರಿನಲ್ಲಿ ಐದಾರು ಗಾಡಿಗಳು ನಿಂತಿದ್ದವು. ಜನರನ್ನು ಮೇಲಕ್ಕೆ ಒಯ್ಯುವ ಎರಡು ಲಿಫ್ಟಿನಲ್ಲಿ ಒಂದು ಕೆಟ್ಟಿತ್ತು. ಟಿಕೆಟ್ ಕಿಟಕಿಯಲ್ಲಿದ್ದ ಮುದುಕಿ ಪೆನ್ಸಿಲಿನಲ್ಲಿ ಹೆಸರು ಬರೆದು, ಟಿಕೆಟನ್ನು ತಂತಿಯಿಂದ ಅಕ್ಕನ ಕೋಟಿಗೆ ತಾನೇ ಕಟ್ಟಿದಳು. ಆ ಸಲ ಹಿಮವೂ ಸರಿಯಾಗಿ ಬಿದ್ದಿರಲಿಲ್ಲ. ಯಂತ್ರದಿಂದ ಉಗುಳಿಸಿದ ಹಿಮ ಗುಡ್ಡದ ಮೇಲೆ ಒಂದು ಬಿಳಿ ಧೋತರ ಹಾಸಿದಂತೆ ಕಾಣುತ್ತಿತ್ತು. ಅದರ ಎರಡೂ ಬದಿಗೆ ಒಣಹುಲ್ಲು.

ಕಲಿಸುವವನು ಎಪ್ಪತ್ತು ದಾಟಿದವನು. ಶಾಲೆಯ ಬಸ್ಸು ಓಡಿಸುತ್ತಿದ್ದನಂತೆ. ಸ್ಕೀಯ ಮೂತಿಗಳನ್ನು ಒಳಗೆ ಕೂಡಿಸಿ ಹಿಮ್ಮಡಿಗಳನ್ನು ಹೊರಗೆ ತಳ್ಳಿದರೆ ನಿಲ್ಲುತ್ತದೆ, ಪಿಜ್ಜಾ ತುಂಡಿನ ಆಕಾರ ಮಾಡು ಎಂದು ಅವನ ಪಾಠ. ಅಕ್ಕ ಇಳಿಯುತ್ತಿದ್ದರೆ ಅವನು ಪಕ್ಕದಲ್ಲಿ "ಪಿಜ್ಜಾ! ಪಿಜ್ಜಾ!" ಎಂದು ಕೂಗುತ್ತ ಓಡುತ್ತಿದ್ದ. ಅಕ್ಕ ಪಿಜ್ಜಾ ಮಾಡದೆ ನೇರ ಹೋಗಿ ಹುಲ್ಲಿನಲ್ಲಿ ಕುಳಿತಳು.

"ನಗಬ್ಯಾಡ," ಎಂದಳು ಕುಳಿತಲ್ಲಿಂದಲೇ. "ಬಿದ್ದಾಕಿನ್ನ ನೋಡಿ ನಗೋದು ಯಾವ ಊರಿನ ರೀತಿ?"

"ನಮ್ಮೂರಿಂದು," ಎಂದೆ.

ಎರಡನೆಯ ಗುಡ್ಡ ಇನ್ನೂ ಸಣ್ಣದು. ಊರಿನವರೇ ಸೇರಿ ನಡೆಸುವಂಥದ್ದು. ಲಿಫ್ಟೇ ಇಲ್ಲ. ಮೋಟಾರು ತಿರುಗಿಸುವ ದಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದು ಮೇಲೆ ಹೋಗಬೇಕು. ನಮ್ಮ ಬಾವಿಯ ಹಗ್ಗದ ಹಾಗೆ ಅದು ಕೈಗವಸನ್ನು ತಿಂದು ಹಾಕುತ್ತಿತ್ತು. ಅಲ್ಲಿಯ ಗುಡಿಸಲಿನಂಥ ಮನೆಯ ಜಗಲಿಯ ಗೋಡೆಗೆ ಪ್ಲಗ್ಗುಗಳಿದ್ದವು. ಜನ ಮನೆಯಿಂದ ತಂದ ಕರೆಂಟಿನ ಅಡಿಗೆ ಪಾತ್ರೆಗಳನ್ನು ಸಾಲಾಗಿ ಹಚ್ಚಿಟ್ಟು, ಮುಚ್ಚಳದ ಮೇಲೆ ಗುರುತಿಗೆ ಬಟ್ಟೆ ಕಟ್ಟಿ, ಗುಡ್ಡಕ್ಕೆ ಹೋಗುತ್ತಿದ್ದರು. ಮಧ್ಯಾಹ್ನಕ್ಕೆ ಬಂದು ಉಣ್ಣುವುದು. ಇವರೂ ಬುತ್ತಿಯ ಮಂದಿಯೇ ಎಂದು ನನಗೆ ಸಮಾಧಾನವಾಯಿತು. ಮುಂದಿನ ವಾರ ನಾನೂ ಒಂದು ಪಾತ್ರೆಯಲ್ಲಿ ಝುಣಕ ಇಟ್ಟೆ. ಪಕ್ಕದ ಪಾತ್ರೆಯ ಹೆಂಗಸು ವಾಸನೆ ಹಿಡಿದು ಬಂದಳು. ಅವಳ ಅವರೆಯಂಥ ಕಾಳು ನಮಗೆ, ನಮ್ಮ ಝುಣಕ ರೊಟ್ಟಿ ಅವಳಿಗೆ. "ಈ ಚಪ್ಪಟೆ ಬ್ರೆಡ್ ಯಾರು ಮಾಡಿದ್ದು?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಾಗ ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೈ ಸಿಸ್ಟರ್," ಎಂದಳು. ನನಗೆ ಆ ಎರಡು ಶಬ್ದ ಚೆನ್ನಾಗಿ ತಿಳಿಯುತ್ತವೆ.

ಮೂರನೆಯದೋ ನಾಲ್ಕನೆಯದೋ ಮಂಗಳವಾರ ನಾನೂ ಕಾಲಿಗೆ ಸ್ಕೀ ಕಟ್ಟಿದೆ. ಮಕ್ಕಳು ಕಲಿಯುವ ಇಳಿಜಾರಿನಲ್ಲಿ, ಬಗ್ಗಿ, ಪಿಜ್ಜಾ ಮಾಡಿಕೊಂಡು ಕೆಳತನಕ ಬೀಳದೆ ಬಂದೆ. ದಿನಾ ರೊಟ್ಟಿ ಬಡಿಯುವ ಸೊಂಟ, ಗಟ್ಟಿ ಇತ್ತು. ಅಕ್ಕ ಮೇಲಿನಿಂದ ಚಪ್ಪಾಳೆ ತಟ್ಟಿ ತಾನೇ ಸಮತೋಲ ತಪ್ಪಿ ಬಿದ್ದಳು. ಕಾರಿನಲ್ಲಿ ಹೋಗುವಾಗ ಬರುವಾಗ ಎಷ್ಟು ಮಾತಾಡಿದೆವೋ. ಅವಳ ನೆಲಮಾಳಿಗೆಯಲ್ಲಿದ್ದ ಮೂರು ವರ್ಷದಲ್ಲಿ ಆಡದ ಮಾತು ಆ ಏಳು ದಿನದಲ್ಲಿ ಆಡಿದೆವು. ಭಾವನ ಕೊನೆಯ ದಿನಗಳ ಬಗ್ಗೆ ಹೇಳಿದಳು. ಒಂದು ಸಲ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ, "ನಿನ್ನ ಬುತ್ತಿ ಬರಲಿಲ್ಲಂದ್ರ ನಾ ಡಾಕ್ಟರ್ ಆಗ್ತಿರಲಿಲ್ಲ," ಎಂದಳು. ಐವತ್ತು ದಾಟಿದ ಮೇಲೆ ನನಗೆ ಅಕ್ಕ ಸಿಕ್ಕಳು ಎಂದುಕೊಂಡೆ.

ಫೆಬ್ರವರಿಯಲ್ಲಿ ಭೇಟಿಯ ದಿನ ಬಂತು. ಒಂದು ಶುಕ್ರವಾರ. ಜಾಗವನ್ನು ಅಕ್ಕನೇ ಆರಿಸಿದ್ದಳು. ನಮಗೆ ನಾಲ್ಕೂವರೆ ತಾಸು, ಷಾರ್ಲೆಟ್‌ನವರಿಗೆ ಮೂರು ತಾಸು, ಬೆಟ್ಟಗಳ ನಡುವೆ ಇನ್ನೊಂದು ಸದ್ದಿಲ್ಲದ ಗುಡ್ಡ. ಹಿಂದಿನ ದಿನವಿಡೀ ನಾನು ಬುತ್ತಿ ಮಾಡಿದ್ದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಹುಡುಗಿಯ ಚಿಕ್ಕವ್ವ ಮಾಡಿದ್ದು ಎಂದು ಅವರಿಗೆ ಹೇಳಿಸಿಕೊಳ್ಳುವ ಆಸೆಯಿತ್ತು. ಇದ್ದದ್ದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡೆ.

ಮಗಳು ಕಾರು ಓಡಿಸುತ್ತಿದ್ದಳು. ಅಕ್ಕ ಮುಂದೆ, ನಾನು ಬುತ್ತಿಯ ಜೊತೆ ಹಿಂದೆ. ದಾರಿಯಲ್ಲಿ ಅಕ್ಕ ಎರಡು ಸಲ ಹಿಂದೆ ತಿರುಗಿ, "ಕೇಳಿಲ್ಲೆ," ಎಂದಳು.

"ಏನು?"

"ಏನಿಲ್ಲ. ನೀರಿನ ಬಾಟ್ಲಿ ಕೊಡು."

ಎರಡು ಸಲವೂ ನೀರನ್ನೇ ಕೇಳಿದಳು. ಸಂಬಂಧದ ಮಾತು, ಬಾಯಿ ಒಣಗಿದೆ ಎಂದುಕೊಂಡೆ.

ಷಾರ್ಲೆಟ್‌ನವರು ನಮಗಿಂತ ಮೊದಲೇ ಬಂದಿದ್ದರು. ಹುಡುಗನ ತಂದೆ ಕಾರಿನಲ್ಲಿ ಕುಳಿತು ಆಸ್ಪತ್ರೆಯ ಫೋನಿನಲ್ಲಿ ಮಾತಾಡುತ್ತಿದ್ದರು. ತಾಯಿ ಎತ್ತರದ ಹೆಂಗಸು, ಮೈಸೂರು ಕಡೆಯ ಮಾತು. ಎಲ್ಲರೂ ಮಾಸ್ಕು ಹಾಕಿ, ಆರಾರು ಅಡಿ ದೂರ ನಿಂತು ಕೈಮುಗಿದೆವು. ಆ ತಾಯಿ ನನ್ನ ಕಡೆ ನೋಡಿ, "ಇವರು?" ಎಂದರು.

ಅಕ್ಕ ಅವರ ಹಾಗೆಯೇ ಮೈಸೂರು ಕಡೆಯ ಕನ್ನಡದಲ್ಲಿ ಹೇಳಿದಳು: "ಇವರು ನಮ್ಮ ಊರಿನ ಕಡೆಯವರು. ಹರ್ನ್‌ಡನ್‌ನಲ್ಲಿ ಇರ್ತಾರೆ, ಅಡಿಗೆ ತುಂಬಾ ಚೆನ್ನಾಗಿ ಮಾಡ್ತಾರೆ. ಇವತ್ತು ಹೆಲ್ಪಿಗೆ ಬನ್ನಿ ಅಂತ ಕರ್ಕೊಂಡು ಬಂದೆ."

ನಾನು ಅಕ್ಕನ ಮುಖ ನೋಡಿದೆ. ಮಾಸ್ಕಿನ ಮೇಲೆ ಬರೀ ಕಣ್ಣು ಕಾಣುತ್ತಿದ್ದವು, ಅವು ಗುಡ್ಡದ ಕಡೆ ಇದ್ದವು. ಹುಟ್ಟಿದಾಗಿನಿಂದ ನನ್ನನ್ನು ಬಾರೇ ಹೋಗೇ ಎಂದವಳು. ಅವಳ ಬಾಯಲ್ಲಿ ನನಗೆ ಮರ್ಯಾದೆಯ ಮಾತು ಬಂದದ್ದು ಅದೇ ಮೊದಲು. ಆದರೂ, ಏನೋ ಗಡಿಬಿಡಿಯಲ್ಲಿ ಹೇಳಿದ್ದಾಳೆ, ಆಮೇಲೆ ತಿದ್ದುತ್ತಾಳೆ ಎಂದು ಮನಸ್ಸು ಹೇಳುತ್ತಿತ್ತು. ಬಯಲಲ್ಲಿದ್ದ ಮರದ ಮೇಜಿನ ಮೇಲೆ ಬುತ್ತಿ ಬಿಚ್ಚಿ, ಕಾಗದದ ತಟ್ಟೆಯಲ್ಲಿ ಮೊದಲು ಅಕ್ಕನ ಮಗಳಿಗೆ ಹೋಳಿಗೆ ಇಟ್ಟುಕೊಟ್ಟೆ. ನೆಲಮಾಳಿಗೆಯಲ್ಲಿ ನನ್ನ ಹಾಸಿಗೆಯ ಮೇಲೆ ಕುಳಿತು ನನ್ನ ಕೈಯಿಂದ ಎಷ್ಟೋ ಸಲ ತುತ್ತು ತಿಂದ ಹುಡುಗಿ, ಬಾಯ್ತುಂಬ ಚಿಕ್ಕವ್ವ ಎನ್ನುವವಳು. ತಟ್ಟೆ ತೆಗೆದುಕೊಂಡು, ನೆಲ ನೋಡುತ್ತ, "ಥ್ಯಾಂಕ್ಯೂ ಆಂಟಿ," ಎಂದಳು.

ಆಗ ತಿಳಿಯಿತು. ತಾಯಿ ಮಗಳು ಮೊದಲೇ ಮಾತಾಡಿಕೊಂಡು ಬಂದಿದ್ದರು. ಗೊತ್ತಿಲ್ಲದವಳು ನಾನೊಬ್ಬಳೇ.

ಹುಡುಗ ಹುಡುಗಿ, ಮಕ್ಕಳಿಬ್ಬರೂ ದೊಡ್ಡ ಲಿಫ್ಟಿಗೆ ಹೋದರು. ಹುಡುಗನ ತಾಯಿ, "ಬನ್ನಿ, ನಾವು ಇಲ್ಲೇ ಒಂದು ರೌಂಡ್ ಹೋಗೋಣ," ಎಂದು ಅಕ್ಕನನ್ನು ಪಕ್ಕದ ಸಣ್ಣ ಇಳಿಜಾರಿಗೆ ಕರೆದೊಯ್ದರು. ನಾನು ಮೇಜಿನ ಹತ್ತಿರ ನಿಂತಿದ್ದೆ. ರೊಟ್ಟಿಯ ಮೇಲೆ ಬಟ್ಟೆ ಮುಚ್ಚುವುದು, ತೆಗೆಯುವುದು, ಅದನ್ನೇ ಮಾಡುತ್ತಿದ್ದೆ. ಆ ತಾಯಿ ಹಂಸದ ಹಾಗೆ ಎಡಕ್ಕೆ ಬಲಕ್ಕೆ ತೇಲುತ್ತ ಇಳಿದು ಬಂದು ತಿರುಗಿ ನಿಂತರು. ಮೇಲೆ ಅಕ್ಕ ಹೊರಟಳು. ಅರ್ಧ ದಾರಿ ಚೆನ್ನಾಗಿಯೇ ಬಂದಳು. ಆಮೇಲೆ ಅವಳಿಗೆ ಆ ತಾಯಿಯ ಹಾಗೆ ತೇಲುವ ಮನಸ್ಸಾಯಿತೋ ಏನೋ, ಒಂದು ಕಾಲು ಮುಂದೆ ಹೋಯಿತು, ಇನ್ನೊಂದು ಅಲ್ಲೇ ಉಳಿಯಿತು. ಅವಳು ಕೂಗಿದ್ದು ನಮ್ಮ ಭಾಷೆಯಲ್ಲಿ. "ಯವ್ವಾ" ಎಂದಳು. ಗುಡ್ಡಕ್ಕೆಲ್ಲ ಕೇಳಿಸಿತು.

ನನ್ನ ಕಾಲು ಓಡಲು ಎದ್ದವು. ಸುಳ್ಳು ಹೇಳುವುದಿಲ್ಲ, ಎದ್ದವು. ಆದರೆ ಮೂರು ಹೆಜ್ಜೆ ಹೋಗಿ ನಿಂತೆ. ಹೆಲ್ಪಿಗೆ ಬಂದವಳು ಯಾಕೆ ಓಡಬೇಕು ಎಂದು ಒಳಗೆ ಯಾರೋ ಕೇಳಿದರು. ಕೇಳಿದವಳೂ ನಾನೇ.

ಕೆಂಪು ಕೋಟಿನವರು ಬಂದರು, ಕಾಲಿಗೆ ಹಲಗೆ ಕಟ್ಟಿದರು, ಜಾರುಬಂಡಿಯಲ್ಲಿ ಮಲಗಿಸಿ ಕೆಳಗೆ ತಂದರು. ಆಂಬುಲೆನ್ಸೂ ಬಂತು. ಅವರಲ್ಲಿ ಒಬ್ಬ ಹೆಂಗಸು ಸುತ್ತಲೂ ನೋಡಿ ಕೇಳಿದಳು: ಮನೆಯವರು ಯಾರಾದರೂ ಇದ್ದೀರಾ, ಮುಂದಿನ ಸೀಟಿನಲ್ಲಿ ಒಬ್ಬರು ಬರಬಹುದು. ಮಕ್ಕಳು ಇನ್ನೂ ಗುಡ್ಡದ ತುದಿಯಲ್ಲಿದ್ದರು, ಅಲ್ಲಿ ಫೋನು ಹತ್ತುತ್ತಿರಲಿಲ್ಲ. ಹುಡುಗನ ತಾಯಿ ನನ್ನ ಕಡೆ ಬೆರಳು ಮಾಡಿ, "ಅವರ ಜೊತೆ ಬಂದಿದ್ದು ಇವರು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕೆಂಪು ಕೋಟಿನವಳು ನನ್ನ ಮುಂದೆ ಬಂದು, "ಫ್ಯಾಮಿಲಿ?" ಎಂದಳು.

ನಾನು ತಲೆ ಅಲ್ಲಾಡಿಸಿದೆ. "ನೋ ಫ್ಯಾಮಿಲಿ," ಎಂದೆ. "ಐ ಕುಕ್."

ಅಕ್ಕ ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಮಾಸ್ಕು ಗದ್ದಕ್ಕೆ ಜಾರಿತ್ತು, ತುಟಿ ಬಿಳಚಿತ್ತು. ಇವಳು ನನ್ನ ತಂಗಿ ಎಂದು ಅವಳೇ ಹೇಳಬಹುದಿತ್ತು. ಬಾಯಿ ತೆರೆದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಆ ತಾಯಿಯನ್ನು ನೋಡಿದಳು, ಬಾಯಿ ಮುಚ್ಚಿದಳು. ಆಂಬುಲೆನ್ಸಿನ ಬಾಗಿಲು ಹಾಕಿದರು.

ಗಾಡಿ ಹೋದ ಮೇಲೆ ಆ ತಾಯಿ ನಿಟ್ಟುಸಿರು ಬಿಟ್ಟರು. "ಪಾಪ, ಅವರಿಗೆ ಒಡಹುಟ್ಟಿದೋರೂ ಯಾರೂ ಇಲ್ಲ. ಒಬ್ಬ ತಂಗಿ ಇದ್ದಿದ್ರೆ ಈ ಹೊತ್ತಲ್ಲಿ ಎಷ್ಟು ಆಸರೆ ಆಗ್ತಿತ್ತು ಅಲ್ವಾ?"

"ಹೌದ್ರಿ," ಎಂದೆ.

ಅವರು ಮೇಜಿನ ಮೇಲಿನ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು, "ಷಾರ್ಲೆಟ್‌ಗೆ ಕೊರಿಯರ್ ಮಾಡ್ತೀರಾ ನೀವು?" ಎಂದು ಕೇಳಿದರು.

ಮಕ್ಕಳು ಇಳಿದು ಬಂದದ್ದು ಮುಕ್ಕಾಲು ತಾಸಿನ ಮೇಲೆ. ಅಕ್ಕನ ಮಗಳು ಅಳುತ್ತ ಕಾರು ಓಡಿಸಿದಳು. ಬೆಟ್ಟದ ಕೆಳಗಿನ ಊರಿನ ಆಸ್ಪತ್ರೆಯಲ್ಲಿ, ರೋಗಿಯ ಜೊತೆಗೇ ಬಂದ ಒಬ್ಬರನ್ನು ಬಿಟ್ಟರೆ ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕರೋನಾದ ಕಾಲ, ಅವರ ನಿಯಮ ಅವರದು. ನಾವಿಬ್ಬರೂ ಪಾರ್ಕಿಂಗಿನಲ್ಲಿ ಕುಳಿತೆವು.

"ಚಿಕ್ಕವ್ವ, ನೀನು ಯಾಕೆ ಮಮ್ಮಿ ಜೊತೆ ಆಂಬುಲೆನ್ಸಲ್ಲಿ ಹೋಗಿಲ್ಲ?"

ಈಗ ನಾನು ಮತ್ತೆ ಚಿಕ್ಕವ್ವ ಆಗಿದ್ದೆ. "ಅವರು ಬಿಡಲಿಲ್ಲವ್ವಾ," ಎಂದೆ.

"ವಾಟ್? ದಟ್ಸ್ ಕ್ರೇಜಿ!" ಅವಳು ಆ ಕೆಂಪು ಕೋಟಿನವರನ್ನು ಬಾಯಿಗೆ ಬಂದಂತೆ ಬೈದಳು. ಮೈಬಣ್ಣ ನೋಡಿ ಹೀಗೆ ಮಾಡಿದ್ದಾರೆ ಎಂದಳು. ನಾನು ಕೇಳುತ್ತ ಕುಳಿತೆ, ಅಲ್ಲ ಎನ್ನಲಿಲ್ಲ. ಆ ಹೆಂಗಸು ನನಗೆ ಕೈಚಾಚಿ ಜಾಗ ಕೊಟ್ಟಿದ್ದಳು.

ಬೈದು ಮುಗಿದ ಮೇಲೆ ಹುಡುಗಿ ಸ್ಟೀರಿಂಗಿಗೆ ಹಣೆ ಹಚ್ಚಿದಳು. "ಐ ಆಮ್ ಸಾರಿ ಚಿಕ್ಕವ್ವ. ಮಮ್ಮಿ ಹೇಳಿದ್ಲು, ಜಸ್ಟ್ ಒನ್ ಡೇ, ಆಂಟಿ ಅನ್ನು ಅಂತ. ನಿಂಗೆ ಅವಳೇ ಹೇಳ್ತಾಳೆ ಅಂದ್ಕೊಂಡೆ."

"ಆ ಬಯೋಡೇಟಾ ನಿನ್ನ ಫೋನಿನ್ಯಾಗ ಐತೇನು?"

ಇತ್ತು. ಓದು ಎಂದೆ. ಅವಳು ಬೇಡ ಎಂದಳು, ನಾನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ತಂದೆ ಇಂಥವರು, ತಾಯಿ ಇಂಥವರು. ತಂದೆಯ ಅಣ್ಣತಮ್ಮಂದಿರು ಇಬ್ಬರು, ಅವರ ಓದು, ಅವರ ಊರು. ತಾಯಿಯ ಒಡಹುಟ್ಟಿದವರು: ಇಲ್ಲ.

"ಯಾವಾಗ ಬರದದ್ದು ಇದು?"

"ಅಕ್ಟೋಬರ್."

ನಾವು ಮೊದಲ ಗುಡ್ಡಕ್ಕೆ ಹೋದದ್ದು ಡಿಸೆಂಬರಿನಲ್ಲಿ. ಅಂದರೆ ಆ ಏಳೂ ಮಂಗಳವಾರ ಅಕ್ಕನ ಪಕ್ಕದ ಸೀಟಿನಲ್ಲಿ ಇಲ್ಲದ ಒಬ್ಬಳು ಕುಳಿತಿದ್ದಳು. ನನ್ನ ಹೆಗಲ ಮೇಲೆ ಕೈಯಿಟ್ಟು ಮೈ ಸಿಸ್ಟರ್ ಎಂದದ್ದು, ಕಾಳು ಹಂಚಿಕೊಂಡ ಆ ಹಳ್ಳಿಯ ಹೆಂಗಸಿನ ಮುಂದೆ. ನಮ್ಮವರು ಯಾರೂ ಬಾರದ ಜಾಗದಲ್ಲಿ. ಸಣ್ಣ ಗುಡ್ಡಗಳನ್ನು ಹುಡುಕಿದ್ದು ತಾನು ಬೀಳುವುದನ್ನು ಯಾರೂ ನೋಡಬಾರದು ಎಂದು ಮಾತ್ರವೋ, ನನ್ನ ಜೊತೆ ಇರುವುದನ್ನೂ ನೋಡಬಾರದು ಎಂದೋ?

"ಆಮೇಲೆ ಇನ್ನೊಂದು ಚಿಕ್ಕವ್ವ," ಎಂದಳು ಹುಡುಗಿ, ಮೂಗು ಒರೆಸಿಕೊಂಡು. "ಈ ಮ್ಯಾಚ್ ಆಗಲ್ಲ. ಲಿಫ್ಟಲ್ಲೇ ನಾವಿಬ್ರೂ ಮಾತಾಡಿದ್ವಿ. ಅವನಿಗೆ ರಾಲಿ ಸಿಟಿಯಲ್ಲಿ ಗರ್ಲ್‌ಫ್ರೆಂಡ್ ಇದಾಳೆ. ಹೀ ವಾಸ್ ಸೋ ಸ್ಕೇರ್ಡ್ ಆಫ್ ಹಿಸ್ ಮಾಮ್."

ನಗು ಬರಬೇಕಾಗಿತ್ತು. ಬರಲಿಲ್ಲ.

ಅಕ್ಕನ ಮೊಣಕಾಲಿಗೆ ಆಪರೇಷನ್ ಆಯಿತು. ಕೋಲು ಹಿಡಿದು ಓಡಾಡಿದಳು, ಆಮೇಲೆ ಕೋಲು ಬಿಟ್ಟಳು, ಕುಂಟು ಉಳಿಯಿತು. ನಾನು ಅಡಿಗೆ ಮಾಡಿ ಒಯ್ದು ಕೊಟ್ಟೆ. ಅವಳು ಡಬ್ಬಿ ತೆಗೆದುಕೊಂಡು, "ಥ್ಯಾಂಕ್ಸ್," ಎನ್ನುತ್ತಿದ್ದಳು. ನಮ್ಮಲ್ಲಿ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿದ್ದೇ ಇಲ್ಲ. ಆ ಶಬ್ದ ಕೇಳಿದಾಗಲೆಲ್ಲ ಹೊಸ್ತಿಲ ಮೇಲೆ ನಿಂತ ಹಾಗಾಗುತ್ತಿತ್ತು. ಅವಳು ಬಯೋಡೇಟಾದ ಮಾತು ಎತ್ತಲಿಲ್ಲ. ನಾನು ಆಂಬುಲೆನ್ಸಿನ ಮಾತು ಎತ್ತಲಿಲ್ಲ. ಅವರು ನನ್ನನ್ನು ಬಿಡಲಿಲ್ಲ ಎಂಬ ನನ್ನ ಸುಳ್ಳನ್ನು ಮಗಳು ಅವಳ ಮುಂದೆಯೇ ಎರಡು ಮೂರು ಸಲ ಸಿಟ್ಟಿನಿಂದ ಹೇಳಿದಳು. ಅಕ್ಕ ಟೀ ಕುಡಿಯುತ್ತ ಕೇಳಿದಳು, ಹಾಗಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಅವಳು ನನ್ನನ್ನು ಕಾಪಾಡಿದಳೋ, ಶಿಕ್ಷಿಸಿದಳೋ. ಮೊದಮೊದಲು ನನಗೆ ನನ್ನ ನೋವೇ ದೊಡ್ಡದಾಗಿ ಕಾಣುತ್ತಿತ್ತು. ಅವಳು ಮಾಡಿದ್ದಕ್ಕೆ ಸರಿಯಾಯಿತು ಎಂದು ರೊಟ್ಟಿ ಬಡಿಯುತ್ತ ಎಷ್ಟೋ ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ಅವಳ ಆ ಬಿಳಚಿದ ತುಟಿ ಕಾಣುತ್ತಿತ್ತು. ಅವಳು ನನ್ನನ್ನು ಅಳಿಸಿದ್ದು ಒಂದು ಕಾಗದದಲ್ಲಿ, ಒಬ್ಬ ಹೆಂಗಸಿನ ಮುಂದೆ, ಗಂಡನನ್ನು ಬಿಟ್ಟು ರೊಟ್ಟಿ ಮಾರುವ ತಂಗಿಯಿಂದ ಮಗಳ ಸಂಬಂಧ ಕೆಡಬಾರದೆಂದು. ನಾನು ಅವಳನ್ನು ಬಿಟ್ಟದ್ದು ಅವಳು ನೆಲದ ಮೇಲೆ ಬಿದ್ದಿದ್ದಾಗ.

ಎರಡು ಚಳಿಗಾಲ ಕಳೆದವು. ಮೂರನೆಯದರಲ್ಲಿ, ಜನವರಿಯ ಒಂದು ಸೋಮವಾರ ಫೋನು ಬಂತು.

"ನಾಳೆ ಖಾಲಿ ಇದ್ದಿಯೇನು?"

"ಯಾಕ?"

"ಸುಮ್ನ. ಆ ಹಗ್ಗದ ಗುಡ್ಡಕ್ಕ ಹೋಗಿ ಕುಂತು ಬರೂಣು ಅನಿಸೇತಿ."

ಹೋದೆವು. ಅಕ್ಕ ಸ್ಕೀ ಕಟ್ಟುವ ಹಾಗಿರಲಿಲ್ಲ, ನನಗೂ ಮನಸ್ಸಿರಲಿಲ್ಲ. ಜಗಲಿಯ ಬೆಂಚಿನ ಮೇಲೆ ಕುಳಿತೆವು. ಬಿಸಿಲು ಚೆನ್ನಾಗಿತ್ತು, ಸೂರಿನಿಂದ ನೀರು ಹನಿಯುತ್ತಿತ್ತು. ಹಗ್ಗ ಕಿರುಗುಡುತ್ತ ಮೂರು ನಾಲ್ಕು ಜನರನ್ನು ಮೇಲೆ ಎಳೆಯುತ್ತಿತ್ತು. ಇಳಿದು ಬರುತ್ತಿದ್ದ ಒಬ್ಬ ಗಂಡಸು ದಪ್ಪನೆ ಬಿದ್ದ. ಅವನ ಹೆಂಡತಿ ಮೇಲಿನಿಂದ ಬೈಯುತ್ತಲೇ ಬಂದು ಎಬ್ಬಿಸಿದಳು. ಅಕ್ಕ ಅವರನ್ನೇ ನೋಡುತ್ತ, ತನ್ನ ಮೊಣಕಾಲ ಮೇಲೆ ಅಂಗೈ ಇಟ್ಟುಕೊಂಡಳು.

"ಆವತ್ತ ದವಾಖಾನಿಯೊಳಗ ಕಾಲ್ಚೀಲ ತೊಯ್ದು ತಪ್ಪಡಿ ಆಗಿತ್ತು," ಎಂದಳು. "ಆರು ತಾಸು ಹಂಗ ಮಲಗಿದ್ದೆ. ದಿನಾ ಮಂದಿಗೆ ಔಷಧ ಕೊಡಾಕಿ ನಾನು, ಒಂದು ಒಣಾ ಕಾಲ್ಚೀಲ ಕೊಡ್ರಿ ಅಂತ ಕೇಳಾಕ ಬಾಯಿ ಬರಲಿಲ್ಲ ನೋಡು. ಪಕ್ಕದಾಗ ಯಾರರೆ ಇದ್ರ ಅವರಿಗೆ ಹೇಳ್ತಿದ್ದೆ."

ಬಯೋಡೇಟಾದ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಹಗ್ಗ ಎರಡು ಸುತ್ತು ತಿರುಗುವಷ್ಟು ಹೊತ್ತು ಕಾದೆ. ಬರಲಿಲ್ಲ. ಅದು ಯಾವತ್ತೂ ಬರಲಿಕ್ಕಿಲ್ಲ ಎಂದು ಅನ್ನಿಸಿತು. ಅವಳದು ಬಂದ ಮೇಲೆ ನನ್ನದು ಎಂದು ಮೂರು ವರ್ಷ ಬಾಯಿ ಕಟ್ಟಿ ಕುಳಿತವಳು ನಾನು.

ಜಗಲಿಯ ಮೇಲಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಮಾತು ಬಂತು.

"ಅಕ್ಕಾ, ಆ ಕಾಗದದಾಗ ನೀ ನನ್ನ ಬರೀಲಿಲ್ಲ. ಅದರ ಸಿಟ್ಟು ಇನ್ನೂ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಅದು ಬ್ಯಾರೆ. ಆವತ್ತ ಆಕಿ ನನ್ನ ಮುಂದ ಬಂದು ಕೇಳಿದ್ಲು. ನಾ ಈಕಿ ತಂಗಿ ಅನಬೇಕಾಗಿತ್ತು. ಅನಲಿಲ್ಲ. ಗಾಡಿಯೊಳಗ ಜಾಗಾ ಇತ್ತು, ಬೇಕಂತ ಹತ್ತಲಿಲ್ಲ. ನಿನ್ನ ಮಗಳಿಗೂ ಸುಳ್ಳು ಹೇಳಿದೆ. ನಿನ್ನ ಒಬ್ಬಾಕಿನ್ನ ಕಳಿಸಿಬಿಟ್ಟೆ. ನಂದ ತಪ್ಪು, ಅಕ್ಕಾ. ತಪ್ಪಾತು."